ರೊಟ್ಟಿ ಸದ್ದಿನ ಕೆಳಗೆ

ದುರ್ಗವ್ವ ರೇವಂತನನ್ನು ಮೊದಲ ಸಲ ಕಂಡದ್ದು ಮೂಡಲಪಾಳ್ಯದ ಆ ಮನೆಯ ಮೆಟ್ಟಿಲ ಮೇಲೆ. ಆಷಾಢ ಹಿಡಿಯುವ ಮುಂಚೆ ಮನೆ ಬದಲಿಸಿಬಿಡಬೇಕೆಂದು ಅವಸರದಲ್ಲಿ ಸಾಮಾನು ತಂದಿದ್ದ ದಿನ ಅದು. ಮಗ ಹನುಮೇಶ ಕೆಳಗೆ ಗೂಡ್ಸ್ ಆಟೋದವನ ಜೊತೆ ಬೀರು ಇಳಿಸುತ್ತಿದ್ದ. ಆಕೆ ರೊಟ್ಟಿ ಬಡಿಯುವ ಮಣೆಯನ್ನು ಸೊಂಟಕ್ಕೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ಹಂಚು ಹಿಡಿದು ಹತ್ತುತ್ತಿದ್ದಳು. ಮೊದಲ ಮಹಡಿಯ ತಿರುವಿನಲ್ಲಿ ಒಬ್ಬ ಹುಡುಗ ಕೂತಿದ್ದ. ಹುಡುಗ ಎಂದರೆ ಇಪ್ಪತ್ತೈದರ ಆಸುಪಾಸಿನವನು. ತಲೆಯ ಎರಡೂ ಪಕ್ಕ ನುಣ್ಣಗೆ ಬೋಳಿಸಿ, ನಡುವೆ ಮಾತ್ರ ಕೂದಲು ಬಿಟ್ಟು, ಅದಕ್ಕೆ ಹಸಿರು ಬಣ್ಣ ಹಚ್ಚಿ ಹುಂಜದ ಜುಟ್ಟಿನಂತೆ ನಿಲ್ಲಿಸಿದ್ದ. ಮೊಣಕಾಲಿನ ಹತ್ತಿರ ಹರಿದ ಪ್ಯಾಂಟಿಗೆ ಸಾಲಾಗಿ ಪಿನ್ನು ಚುಚ್ಚಿದ್ದ. ಆ ಸೆಕೆಯಲ್ಲೂ ಕಾಲಲ್ಲಿ ಪೊಲೀಸರು ಹಾಕುವಂಥ ಬೂಟು.

"ದಾರಿ ಬಿಡಪಾ ತಮ್ಮಾ," ಎಂದಳು ದುರ್ಗವ್ವ.

ಅವನು ಎದ್ದು ಗೋಡೆಗೆ ಒರಗಿ ನಿಂತ. ಆಮೇಲೆ ಏನನ್ನಿಸಿತೋ, "ಕೊಡಿ ಆಂಟಿ" ಎಂದು ಮಣೆ ತೆಗೆದುಕೊಂಡ. ಎತ್ತಿಕೊಂಡು ಮೇಲೆ ಹೋಗುವ ಬದಲು ಅಲ್ಲೇ ನಿಂತು, ಬೆರಳು ಮಡಚಿ ಮಣೆಯ ನಡುವೆ ಒಮ್ಮೆ, ಅಂಚಿನಲ್ಲಿ ಒಮ್ಮೆ ತಟ್ಟಿ, ಕಿವಿ ಹತ್ತಿರ ಹಿಡಿದ.

"ಯಾವ ಮರ ಆಂಟಿ ಇದು?"

"ಹುಣಸಿದು. ನಮ್ಮವ್ವನ ಕಾಲದ್ದು. ಯಾಕ, ಕೊಂಡ್ಕೋತೀಯೇನು?"

"ಇಲ್ಲ. ಸೌಂಡ್ ಚೆನ್ನಾಗಿದೆ."

ಬೆಂಗಳೂರಿಗೆ ಬಂದ ಮೇಲೆ ಆಕೆಯ ಸಾಮಾನಿನಲ್ಲಿ ಯಾವುದನ್ನೂ ಯಾರೂ ಚೆನ್ನಾಗಿದೆ ಎಂದಿರಲಿಲ್ಲ. ಆಕೆಗೆ ಖುಷಿಯಾಯಿತು. ಅವನ ಪ್ಯಾಂಟು ನೋಡಿ, "ನನ್ನ ಹಂತ್ಯಾಕ ಸೂಜಿ ದಾರ ಐತಿ. ಹೊಲದು ಕೊಡ್ಲೇನು?" ಎಂದು ಕೇಳಿದಳು.

"ಬೇಡ ಆಂಟಿ. ಅದು ಹಾಗೇ ಇರ್ಬೇಕು."

"ಹರದದ್ದು ಹರದಾಂಗ ಇರಬೇಕಾ?"

"ಹೂಂ," ಎಂದು ಅವನು ಮಣೆ ಹೊತ್ತು ಎರಡನೆಯ ಮಹಡಿಯ ಅಡುಗೆಮನೆಯಲ್ಲಿ ಇಟ್ಟು ಇಳಿದುಹೋದ. ಅವನು ಮೊದಲ ಮಹಡಿಯಲ್ಲೇ ಇರುವ ಓನರ್ ಬೈರಪ್ಪನವರ ಒಬ್ಬನೇ ಮಗ ಎನ್ನುವುದು ಆಕೆಗೆ ಸಂಜೆ ನೀರಿನ ಮೋಟಾರಿನ ವಿಷಯ ಕೇಳಲು ಹೋದಾಗ ಗೊತ್ತಾಯಿತು.

ದುರ್ಗವ್ವನ ಊರು ಕುಷ್ಟಗಿ ಕಡೆ. ಗಂಡ ತೀರಿಕೊಂಡ ಮೇಲೆ ಮಗನ ಹಿಂದೆ ಬಂದವಳು. ಹನುಮೇಶ ಊಟ ತಲುಪಿಸುವ ಕೆಲಸಕ್ಕೆ ಬೈಕಿನಲ್ಲಿ ಹೊರಟರೆ ಬರುವುದು ಊರೆಲ್ಲ ಮಲಗಿದ ಮೇಲೆ. ಮಗನ ಮುಖವನ್ನು ಆಕೆ ಹೆಚ್ಚಾಗಿ ನೋಡುತ್ತಿದ್ದುದು ಅವನು ನಿದ್ದೆಯಲ್ಲಿದ್ದಾಗಲೇ. ವಿಜಯನಗರದಲ್ಲಿ ಕಲ್ಮೇಶ್ ಎಂಬಾತ ಒಂದು ಖಾನಾವಳಿ ಇಟ್ಟಿದ್ದ. ಅವನಿಗೆ ಬೇಕಾದ ಜೋಳದ ರೊಟ್ಟಿ ಮಾಡಿಕೊಡುವುದು ಆಕೆಯ ಕೆಲಸ. ನಸುಕಿನಲ್ಲಿ ಎದ್ದು, ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಮಣೆಯ ಮುಂದೆ ಕೂತರೆ ಬೆಳಕು ಚೆನ್ನಾಗಿ ಹರಿಯುವವರೆಗೆ ಏಳುತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಆಕೆಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಬಡಿಯುವುದನ್ನು ನಿಲ್ಲಿಸಿ ರೊಟ್ಟಿಯನ್ನು ಹಂಚಿಗೆ ಹಾಕಿದರೂ ಸದ್ದು ಪೂರ್ತಿ ನಿಲ್ಲುತ್ತಿರಲಿಲ್ಲ. ಒಂದೆರಡು ಪೆಟ್ಟು ಹಿಂದೆ ಉಳಿಯುತ್ತಿತ್ತು. ಮೋಲ್ಡ್ ಮನೆ, ಗೋಡೆಯಲ್ಲಿ ಸದ್ದು ಸುತ್ತುತ್ತಿರಬೇಕು ಎಂದುಕೊಂಡಳು. ಒಂದು ದಿನ ಸಂಶಯ ಬಂದು, ಮೆಲ್ಲಗೆ ತಟ್ಟುತ್ತಿದ್ದವಳು ಇದ್ದಕ್ಕಿದ್ದಂತೆ ಜೋರು ಮಾಡಿದಳು. ಹಿಂದೆ ಉಳಿಯುವ ಸದ್ದೂ ಜೋರಾಯಿತು, ಅದು ಬರುತ್ತಿದ್ದುದು ಕೆಳಗಿನಿಂದ. ಆಕೆ ಒಂದು ಪೆಟ್ಟು ತಪ್ಪಿಸಿದಳು. ಕೆಳಗಿನದು ಎಡವಿ, ಸಾವರಿಸಿಕೊಂಡು, ಮತ್ತೆ ಜೊತೆಗೆ ಬಂತು. ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ದುರ್ಗವ್ವ ಒಬ್ಬಳೇ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು.

ಮೋಟಾರ್ ಹಾಕುವ ನೆಪದಲ್ಲಿ ಕೆಳಗಿಳಿದು ಕಿಟಕಿಯಲ್ಲಿ ನೋಡಿದಳು. ರೇವಂತ್ ಮಂಚದ ತುದಿಯಲ್ಲಿ ಕೂತಿದ್ದ. ಎದುರಿಗೆ ಸ್ಟೂಲಿನ ಮೇಲೆ ಒಂದು ಹಲಗೆ, ಅದರ ಮೇಲೆ ಹಳೆಯ ಹವಾಯಿ ಚಪ್ಪಲಿಯ ರಬ್ಬರು. ಕೈಯಲ್ಲಿ ಎರಡು ಡ್ರಮ್ ಕೋಲು. ಆಕೆಯನ್ನು ಕಂಡು ಅವನು ಬೆಚ್ಚಿ, ಕೋಲೊಂದನ್ನು ತುಟಿಗೆ ಅಡ್ಡ ಹಿಡಿದ. ಯಾರಿಗೂ ಹೇಳಬೇಡಿ ಎಂದು.

ಆ ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ತಾರಸಿಯ ಮೇಲೆ ಅವನೇ ಮಾತು ತೆಗೆದ.

"ನಾನೊಂದ್ ಬ್ಯಾಂಡ್‌ನಲ್ಲಿದೀನಿ ಆಂಟಿ. ಪಂಕ್ ರಾಕ್. ಡ್ರಮ್ಸು ಹೊಡೀತೀನಿ, ಹಾಡ್ತೀನಿ."

"ಅಂದ್ರ? ನಮ್ಮೂರಾಗ ಮದುವಿಗೆ ಬರ್ತಾರಲ್ಲ, ಆ ಬ್ಯಾಂಡೇನು?"

"ಅದಲ್ಲ. ಬೇಗ ಬೇಗ ಹೊಡೀಬೇಕು, ಬೇಗ ಮುಗೀಬೇಕು. ಸಂಗೀತ ಕಲಿತೇ ಇರ್ಬೇಕು ಅಂತಿಲ್ಲ. ಮನಸಲ್ಲಿರೋದನ್ನ ಕೂಗ್ಬೇಕು ಅಷ್ಟೆ."

"ಮನಸಿನ್ಯಾಗಿಂದು ಮನ್ಯಾಗ ಕೂಗಾಕ ಬರೂದಿಲ್ಲೇನು?"

ರೇವಂತ್ ನೀರಿನ ಟ್ಯಾಂಕಿನ ಕಡೆ ನೋಡಿದ. ಬ್ಯಾಂಡಿನ ಹೆಸರು 'ಗೇಟ್ ಹಾಕಿ.' ಪ್ರತಿ ಮನೆಯ ಮುಂದೆ ಬರೆದಿರುತ್ತದಲ್ಲ, ಅದೇ. ಒಟ್ಟು ಮೂವರು. ಭಾನುವಾರ ರಾಜಾಜಿನಗರದ ಒಂದು ಹಳೆಯ ವರ್ಕ್‌ಶಾಪಿನಲ್ಲಿ ಸೇರುತ್ತಿದ್ದರು. ವಾರದ ಉಳಿದ ದಿನ ಕೈ ಪಳಗಿಸಲು ಅವನಿಗೆ ಜಾಗವಿರಲಿಲ್ಲ. ಮೇಲಿನ ಮನೆಗೆ ರೊಟ್ಟಿ ಬಡಿಯುವವರು ಬಂದದ್ದು ಅವನ ಅದೃಷ್ಟ. ಆ ಸದ್ದಿನ ಕೆಳಗೆ ತನ್ನ ಸದ್ದನ್ನು ಅಡಗಿಸಿಟ್ಟುಕೊಂಡಿದ್ದ. ಆ ಹೊತ್ತಿಗೆ ಬೈರಪ್ಪ ಹೇಗೂ ಜ್ಞಾನಭಾರತಿ ಆವರಣಕ್ಕೆ ವಾಕಿಂಗ್ ಹೋಗಿರುತ್ತಿದ್ದರು.

ಸ್ವಂತ ಮನೆಯಲ್ಲಿ ಇಷ್ಟೊಂದು ಕದ್ದುಮುಚ್ಚಿ ಯಾಕೆ ಎನ್ನುವುದನ್ನು ಹೇಳಿದವರು ಅವನ ಅಜ್ಜಿ ಮುನಿತಾಯಮ್ಮ. ಮುದುಕಿಗೆ ಕಿವಿ ಮಂದ. ಮಧ್ಯಾಹ್ನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತ, ದುರ್ಗವ್ವನನ್ನೂ ಕೂರಿಸಿಕೊಳ್ಳುತ್ತಿದ್ದರು.

"ಈ ರೋಡೆಲ್ಲ ನಮ್ಮ ರಾಗಿ ಹೊಲ ಕಣಮ್ಮ. ಲೇಔಟ್‌ಗೆ ಹೋಯ್ತು. ಉಳಿದಿದ್ದರಲ್ಲಿ ಈ ಮನೆ ಎದ್ದಿದ್ದು. ನಮ್ಮ ಯಜಮಾನ್ರು ಭಜನೆ ಮನೇಲಿ ಡೋಲಕ್ ಹೊಡೀತಿದ್ರು. ಅವ್ರು ಕೂತ್ರೆ ಊರೋರೆಲ್ಲ ಹೊತ್ತು ಮುಳುಗಿದ್ದೇ ಮರೀತಿದ್ರು. ಈ ನನ್ ಮಗ ಬೈರ ತಾಳ ಹಿಡ್ಕಂಡು ಪಕ್ಕದಲ್ಲೇ ಕೂರೋನು."

"ಮತ್ತ ಈಗ್ಯಾಕ ಮನಿ ಇಷ್ಟು ತಣ್ಣಗೈತ್ರಿ ಅಮ್ಮ?"

ಮುನಿತಾಯಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. ರೇವಂತ್ ಕಾಲೇಜಿಗೆ ಸೇರಿದ ವರ್ಷ ಬೈರಪ್ಪನವರೇ ಅವನಿಗೆ ಡ್ರಮ್ ಸೆಟ್ ಕೊಡಿಸಿದ್ದರಂತೆ. ಅದೇ ವರ್ಷ ಅವನ ತಾಯಿ ಗಂಗಲಕ್ಷ್ಮಮ್ಮನಿಗೆ ತಲೆಯೊಳಗೆ ಗೆಡ್ಡೆ ಎಂದು ಗೊತ್ತಾಯಿತು. ಆಕೆಗೆ ಸದ್ದು ಎಂದರೆ ಆಗದು. ಚಮಚ ಬಿದ್ದರೂ ತಲೆ ಹಿಡಿದುಕೊಳ್ಳುವರು. ದೇವರ ಮನೆಯ ಗಂಟೆ ಬಿಚ್ಚಿಟ್ಟರು. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿದರು. ಕುಕ್ಕರ್ ಕೂಗಬಾರದೆಂದು ಅನ್ನ, ಬೇಳೆ ಎಲ್ಲ ತೆರೆದ ಪಾತ್ರೆಯಲ್ಲಿ ಬೇಯಿಸಿದರು. ಡ್ರಮ್ ಸೆಟ್ಟಿಗೆ ಬೆಡ್‌ಶೀಟ್ ಕಟ್ಟಿ ಹಿಂದಿನ ಹಳೇ ಕೊಟ್ಟಿಗೆಗೆ ಸಾಗಿಸಿದರು.

"ಸೊಸೆ ಹೋಗಿ ಆರು ವರ್ಷ ಆಯ್ತಾ ಬಂತು. ಇವತ್ತಿಗೂ ನಮ್ಮನೇಲಿ ಕುಕ್ಕರ್ ಕೂಗಲ್ಲ. ಗಂಟೆ ವಾಪಸ್ ಕಟ್ಟು ಅಂತ ಯಾರೂ ಹೇಳ್ಲಿಲ್ಲ. ಅಪ್ಪ ಮಗ ಎದುರು ಬದುರು ಕೂತು ಮುದ್ದೆ ಉಣ್ತಾರೆ. ಮುದ್ದೆ ನುಂಗೋ ಸದ್ದೂ ಬರಲ್ಲ."

ದುರ್ಗವ್ವ ಆ ದಿನದಿಂದ ಕೆಳಗಿನ ಸದ್ದನ್ನು ಬೇರೆ ಕಿವಿಯಿಂದ ಕೇಳತೊಡಗಿದಳು. ಅವನಿಗಾಗಿ ಮೊದಲ ರೊಟ್ಟಿಯನ್ನು ಬೇಕೆಂದೇ ನಿಧಾನ ಬಡಿಯುವಳು, ಕೈ ಬಿಸಿಯಾಗಲಿ ಎಂದು. ಹನುಮೇಶ ಒಂದು ದಿನ ಫೋನಿನಲ್ಲಿ ವಿಡಿಯೋ ತೋರಿಸಿದ. ಯಾವುದೋ ಇಕ್ಕಟ್ಟಾದ ಹಾಲ್, ಮುಂದೆ ಹಿಡಿಯಷ್ಟು ಜನ. ಡ್ರಮ್ಮಿನ ಹಿಂದೆ ರೇವಂತ್ ಕತ್ತಿನ ನರ ಉಬ್ಬಿಸಿ, "ಗೇಟ್ ಹಾಕಿ, ಗೇಟ್ ಹಾಕಿ, ಒಳಗಿರೋನು ಯಾರು" ಎಂದು ಅರಚುತ್ತಿದ್ದ.

"ಇವನ ಬಾಯಿ ಇಷ್ಟು ದೊಡ್ಡದೈತೇನೋ?" ಎಂದಳು ದುರ್ಗವ್ವ.

"ಅಲ್ಲಿ ಅಷ್ಟ ಬೇ. ಇಲ್ಲಿ ಬಂದ್ರ ಬೆಕ್ಕು," ಎಂದ ಹನುಮೇಶ.

ದಸರೆಯ ನಂತರ ಬ್ಯಾಂಡಿಗೊಂದು ದೊಡ್ಡ ಕಾರ್ಯಕ್ರಮ ನಿಗದಿಯಾಯಿತು. ರೇವಂತ್ ಅಭ್ಯಾಸ ಹೆಚ್ಚಿಸಿದ. ಆಕೆಯ ರೊಟ್ಟಿ ಮುಗಿದರೂ, ಅಪ್ಪ ವಾಕಿಂಗ್ ಮುಗಿಸಿ ಬರುವ ಹೊತ್ತಿನವರೆಗೆ ಅವನದು ಮುಗಿಯುತ್ತಿರಲಿಲ್ಲ. ನೆಲಮಹಡಿಯಲ್ಲಿ ಚೇತನಾ ಎಂಬ ನರ್ಸ್ ಬಾಡಿಗೆಗಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುವವಳು. ಓನರ್ ಮನೆಯಿಂದ ಸದ್ದು ಬರುವುದೆಂದು ಆ ಕಟ್ಟಡದಲ್ಲಿ ಯಾರ ತಲೆಗೂ ಹೊಳೆಯುವಂತಿರಲಿಲ್ಲ. ಚೇತನಾ ಬೈರಪ್ಪನವರ ಹತ್ತಿರ ಹೋಗಿ, ಮೇಲಿನ ರೊಟ್ಟಿಯವರಿಂದ ತನಗೆ ಕಣ್ಣು ಮುಚ್ಚಲು ಆಗುತ್ತಿಲ್ಲ ಎಂದು ಅತ್ತಳು.

ಬೈರಪ್ಪ ಮೇಲೆ ಬಂದರು. ಬಾಗಿಲಲ್ಲೇ ನಿಂತು, ನೆಲ ನೋಡುತ್ತ ಮಾತಾಡುವ ಮನುಷ್ಯ.

"ಏನಮ್ಮ, ರೊಟ್ಟಿ ಇಷ್ಟೊತ್ತು ಬಡೀತೀರಂತೆ. ಕೆಳಗಡೆ ಆ ಹುಡ್ಗಿಗೆ ನಿದ್ದೆ ಇಲ್ಲವಂತೆ. ಸ್ವಲ್ಪ ನೋಡ್ಕೊಳಿ."

ದುರ್ಗವ್ವ ಅವರ ಹೆಗಲ ಮೇಲಿನಿಂದ ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ರೇವಂತ್ ನಿಂತಿದ್ದ. ಅವನಿಗೆಲ್ಲ ಕೇಳಿಸಿತ್ತು. ಅವನ ಕಣ್ಣು ಬೂಟಿನ ಮೇಲಿತ್ತು.

"ಆತ್ರಿ. ಕಮ್ಮಿ ಮಾಡ್ತೀನ್ರಿ," ಎಂದಳು.

ಸಂಜೆ ತಾರಸಿಯ ಮೇಲೆ ಅವನನ್ನು ಹಿಡಿದಳು. "ಅಪ್ಪಗ ಹೇಳಿಬಿಡು ತಮ್ಮಾ. ನಿಂದು ಅಂತ."

"ಹೇಳ್ತೀನಿ ಆಂಟಿ. ಈ ಪ್ರೋಗ್ರಾಂ ಒಂದು ಮುಗೀಲಿ."

"ಹೇಳಿದ್ರ ಏನ್ ಮಾಡ್ತಾರ? ಹೊಡೀತಾರೇನು?"

"ಇಲ್ಲ. ಮಾತು ಬಿಟ್ಬಿಡ್ತಾರೆ."

"ಈಗೇನ್ ಬಾಳ ಮಾತಾಡಾಕತ್ತಾರೇನು?"

ಅವನು ಅರ್ಧ ನಕ್ಕು ಮೆಟ್ಟಿಲಿಳಿದ. ಮರುದಿನದಿಂದ ಹೊಡೆಯುವುದನ್ನೇ ನಿಲ್ಲಿಸಿದ.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬಿಡಲಾರದೆ ಹೋದವಳು ದುರ್ಗವ್ವನೇ. ನಸುಕಿನಲ್ಲಿ ಮಣೆಯ ಮುಂದೆ ಕೂತರೆ ಅಡುಗೆಮನೆ ಬಾವಿಯಂತೆ ಅನ್ನಿಸತೊಡಗಿತು. ಮಗ ಒಳಕೋಣೆಯಲ್ಲಿ ಹೆಣದಂತೆ ನಿದ್ದೆ. ಹೊರಗೆ ಹಾಲಿನ ಗಾಡಿ ಬಂದು ಹೋದರೆ ಮತ್ತೆ ಏನಿಲ್ಲ. ಆಕೆ ಬಡಿದ ಸದ್ದು ಗೋಡೆಗೆ ತಾಗಿ ಆಕೆಗೇ ಮರಳುತ್ತಿತ್ತು. ರೊಟ್ಟಿ ಅಂಚಿನಲ್ಲಿ ಸೀಳು ಬಿಡತೊಡಗಿದವು. ಕಲ್ಮೇಶ್ ಕೂಡ, "ಯಾಕ ಯವ್ವಾ, ಕೈ ಸೋತೈತೇನು?" ಎಂದು ಕೇಳಿದ. ಹತ್ತು ಹನ್ನೆರಡು ದಿನ ತಡೆದಳು. ಆಮೇಲೊಂದು ಬೆಳಿಗ್ಗೆ ಲಟ್ಟಣಿಗೆ ತೆಗೆದುಕೊಂಡು, ರೇವಂತನ ಕೋಣೆಯ ನೇರ ಮೇಲೆ, ನೆಲಕ್ಕೆ ಎರಡು ಪೆಟ್ಟು ಕೊಟ್ಟಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಎರಡು ಪೆಟ್ಟು ಬಂದವು.

"ಸಣ್ಣಗ ಹೊಡಿ," ಎಂದಳು ಮೆಟ್ಟಿಲಲ್ಲಿ ಸಿಕ್ಕಾಗ. "ಒಬ್ಬಾಕಿಗೆ ಬ್ಯಾಸರಾಕೈತಿ."

ಸಣ್ಣಗೆ ಶುರುವಾದದ್ದು ಸಣ್ಣಗೆ ಉಳಿಯಲಿಲ್ಲ. ಕಾರ್ಯಕ್ರಮ ಹತ್ತಿರವಾಗಿತ್ತು. ಅವನ ಕೈಗೆ ವೇಗ ಬಂದಿತ್ತು, ಆಕೆಗೂ ಹುರುಪು. ಚೇತನಾ ಈ ಸಲ ಅಳಲಿಲ್ಲ, ಮನೆ ಖಾಲಿ ಮಾಡುತ್ತೇನೆ ಎಂದಳು. ಬೈರಪ್ಪ ಮತ್ತೆ ಮೇಲೆ ಬಂದರು. ಹಿಂದೆ ರೇವಂತನೂ ಬಂದ. ಇವತ್ತು ಹೇಳುತ್ತಾನೆ ಎಂದುಕೊಂಡಳು ದುರ್ಗವ್ವ.

"ತಪ್ಪು ತಿಳೀಬೇಡಿ ಅಮ್ಮ. ಹೇಳಿದ್ಮೇಲೂ ಹಿಂಗಾದ್ರೆ ನಾನೇನ್ ಮಾಡ್ಲಿ? ಬೇರೆ ಮನೆ ನೋಡ್ಕೊಂಡ್ಬಿಡಿ."

ಆಕೆ ಕಾದಳು. ಕೈಯಲ್ಲಿದ್ದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಕೆರೆದು ತೆಗೆಯುತ್ತ ಕಾದಳು. ರೇವಂತ್ ಒಂದು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದ. ಆ ವಿಡಿಯೋದಲ್ಲಿ ಕಂಡ ಬಾಯಿ ಅದೇ. ಅದರಿಂದ ಏನೂ ಹೊರಡಲಿಲ್ಲ.

"ನೋಡ್ಕೋತೀವ್ರಿ," ಎಂದಳು ದುರ್ಗವ್ವ.

ಹನುಮೇಶ ಕೆರಳಿದ. "ನಾ ಹೋಗಿ ಹೇಳ್ತೀನಿ ಅವರಪ್ಪಗ. ಅವನ ಸಲುವಾಗಿ ನಾವ್ಯಾಕ ಗಂಟುಮೂಟಿ ಕಟ್ಟಬೇಕು?"

"ಹೇಳೂದು ಅವಂದು. ನಾವು ಹೇಳಿದ್ರ ಅದು ಚಾಡಿ ಆಕೈತಿ."

"ಮತ್ತ ಅವ ಹೇಳಲಿಲ್ಲಲ್ಲ?"

"ಹೇಳಲಿಲ್ಲ," ಎಂದು ಒಪ್ಪಿಕೊಂಡಳು. ಅದೇ ಆಕೆಗೆ ಚುಚ್ಚುತ್ತಿತ್ತು, ಮನೆ ಬಿಡುವುದಕ್ಕಿಂತ ಹೆಚ್ಚು. ತಾನೇ ನೆಲ ತಟ್ಟಿ ಅವನನ್ನು ಕರೆದದ್ದನ್ನು ಮಗನಿಗೆ ಹೇಳಲಿಲ್ಲ.

ಕೆಂಗೇರಿ ಉಪನಗರದ ಆಚೆ ನೆಲಮಹಡಿಯ ಒಂದು ಮನೆ ಸಿಕ್ಕಿತು. ಹೊರಡುವ ದಿನ ರೇವಂತ್ ಬಂದು ಹೇಳದೇ ಕೇಳದೇ ಮಣೆ ಹೊತ್ತು ಆಟೋದಲ್ಲಿ ಇಟ್ಟ. ಈ ಸಲ ಅದನ್ನು ತಟ್ಟಿ ನೋಡಲಿಲ್ಲ. ಮುನಿತಾಯಮ್ಮ ಗೇಟಿನ ಹತ್ತಿರ ಕಣ್ಣೊರೆಸಿಕೊಂಡು, "ನೀನಿದ್ದಾಗ ಬೆಳಿಗ್ಗೆ ಚಾಪೆ ಮೇಲೆ ಮಲಗಿದ್ರೆ ನೆಲ ಅದುರೋದು. ಚೆನ್ನಾಗಿತ್ತು ಕಣಮ್ಮ," ಎಂದರು. ದುರ್ಗವ್ವ ಅವರ ಮುಖ ನೋಡಿದಳು. ನೆಲ ಅದುರಿದ್ದು ಯಾರಿಂದ ಎಂದು ಮುದುಕಿಗೆ ಮೊದಲಿನಿಂದಲೂ ಗೊತ್ತಿತ್ತೇನೋ. ಆ ಮನೆಯಲ್ಲಿ ಗೊತ್ತಿದ್ದದ್ದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಾರ್ತಿಕ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ರೇವಂತ್ ಕೆಂಗೇರಿಯ ಮನೆ ಹುಡುಕಿಕೊಂಡು ಬಂದ. ಹಸಿರು ಬಣ್ಣ ಮಾಸಿ ಕೂದಲು ಒಣಹುಲ್ಲಿನಂತಾಗಿತ್ತು. ಬೂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ. ಒಳಗೆ ಬಂದು ಗೋಡೆಗೆ ಒರಗಿ ಕೂತ. ದುರ್ಗವ್ವ ನೀರು ಕೊಟ್ಟು ಒಲೆಯ ಕಡೆ ತಿರುಗಿದಳು.

"ನೀವು ಹೋದ ಮರುದಿನ ಬೆಳಿಗ್ಗೆ ಹೊಡೆದೆ ಆಂಟಿ," ಎಂದ. "ಮೇಲೆ ಸದ್ದಿರಲಿಲ್ಲ. ಆದ್ರೂ ಹೊಡೆದೆ. ಜೋರಾಗೇ."

ಆಕೆ ಒಲೆಯ ಕಡೆ ತಿರುಗಿಯೇ ಕೇಳಿಸಿಕೊಂಡಳು. ಚೇತನಾ ಬಂದು ಆಯಮ್ಮ ವಾಪಸ್ ಬಂದ್ರಾ ಎಂದು ಕೇಳಿದಳಂತೆ. ಆಗತಾನೆ ವಾಕಿಂಗ್ ಮುಗಿಸಿ ಬಂದ ಬೈರಪ್ಪ ಬೀಗದ ಕೈ ತೆಗೆದುಕೊಂಡು ಮೇಲೆ ಹೋದರಂತೆ. ಖಾಲಿ ಅಡುಗೆಮನೆಯ ನಡುವೆ ನಿಂತಾಗ ಸದ್ದು ಅವರ ಕಾಲ ಕೆಳಗಿನಿಂದ ಬರುತ್ತಿತ್ತು. ಇಳಿದು ಬಂದು ಮಗನ ಕೋಣೆಯ ಬಾಗಿಲು ತೆಗೆದರು. ರೇವಂತ್ ಅವರನ್ನು ನೋಡಿದ. ನಿಲ್ಲಿಸಲಿಲ್ಲ. ಹಾಡು ಪೂರ್ತಿಯಾಗುವವರೆಗೆ ಹೊಡೆದ. ಅವರು ಅಲ್ಲಿವರೆಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಏನಂದ್ರು?" ಕೊನೆಗೂ ದುರ್ಗವ್ವ ಕೇಳಿದಳು.

"ಆಯಮ್ಮ ಯಾಕೆ ಒಂದ್ ಮಾತು ಹೇಳ್ಲಿಲ್ಲ ಅಂದ್ರು. ನಾನು ಹೇಳ್ಲಿ ಅಂತ ಕಾಯ್ತಿದ್ರು ಅಂದೆ. ಆಮೇಲೆ ಹೊಡೀಬೇಡ ಅಂತ ನಾನ್ ನಿಂಗೆ ಯಾವತ್ತು ಅಂದೆ ಅಂತ ಕೇಳಿದ್ರು."

"ಅಂದಿದ್ರೇನು?"

ರೇವಂತ್ ಲೋಟದ ತಳ ನೋಡುತ್ತಿದ್ದ. "ಇಲ್ಲ ಆಂಟಿ. ಅಂದೇ ಇರ್ಲಿಲ್ಲ. ಅಮ್ಮ ಹೋದ್ಮೇಲೆ ಕೊಟ್ಟಿಗೆಯಿಂದ ತಂದ್ಕೋ ಅನ್ಲೂ ಇಲ್ಲ, ಬೇಡ ಅನ್ಲೂ ಇಲ್ಲ. ನಾನೂ ಕೇಳ್ಲಿಲ್ಲ. ನಾನು ಯಾವಾಗ ತಗೊಂಡ್ ಬರ್ತೀನಿ ಅಂತ ಅವ್ರು ಕಾಯ್ತಿದ್ರಂತೆ."

ದುರ್ಗವ್ವ ಈಗ ತಿರುಗಿದಳು. "ನೀ ಒಂದ್ ದಿನ ಮುಂಚೆ ಹಿಂಗ ಹೊಡದಿದ್ರ ಆಗತಿತ್ತಲ್ಲೋ."

"ಆಗ್ತಿತ್ತು."

ಅವನು ಬೇರೆ ಸಬೂಬು ಹೇಳಲಿಲ್ಲ. ಅದಕ್ಕೇ ಆಕೆಯ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಳಿಯಲಿಲ್ಲ. ಆ ಕಾರ್ಯಕ್ರಮ ಏನಾಯಿತು ಎಂದು ಕೇಳಿದಳು. ಮಳೆ ಬಂದು ಜನವೇ ಬರಲಿಲ್ಲವಂತೆ. ಡ್ರಮ್ಮಿನ ಚರ್ಮವನ್ನು ಕೊಟ್ಟಿಗೆಯಲ್ಲಿ ಇಲಿ ತಿಂದು ಹಾಕಿದ್ದವಂತೆ. ಬೈರಪ್ಪನವರೇ ಸೆಟ್ಟನ್ನು ಹೊರಗೆ ತಂದು ಒರೆಸಿಟ್ಟರಂತೆ. ಲೋಟ ಕೆಳಗಿಟ್ಟು ಅವನೆಂದ, "ನಿಮ್ಮನ್ನ ವಾಪಸ್ ಬರೋಕೆ ಹೇಳು ಅಂದ್ರು ಅಪ್ಪ. ಮನೆ ಯಾರಿಗೂ ಕೊಟ್ಟಿಲ್ಲ."

ಆಕೆ ಹಿಟ್ಟು ನಾದತೊಡಗಿದಳು. ಬಂದವನಿಗೆ ಊಟ ಹಾಕದೆ ಕಳಿಸುವಂತಿರಲಿಲ್ಲ. ಮಣೆಯನ್ನು ಎಳೆದುಕೊಂಡು ಒಂದು ರೊಟ್ಟಿ ಬಡಿದಳು. ಗೋಡೆಗೆ ಒರಗಿದ್ದವನ ಬೆರಳು ಮೊಣಕಾಲ ಮೇಲೆ ಒಮ್ಮೆ ಅಲುಗಿ ನಿಂತವು. ಹೊಡೆಯಲಿ ಎಂದು ಆಕೆ ಕಾಯಲಿಲ್ಲ.

"ಹನುಮ್ಯಾಗ ಇಲ್ಲಿಂದ ಕೆಲಸಕ್ಕ ಸಮೀಪ ಆಗೈತಿ," ಎಂದಳು. "ನನಗೂ ಇಲ್ಲೆ ಮಂದಿ ರೊಟ್ಟಿ ಹೇಳ್ಯಾರ. ಇಲ್ಲಿ ಯಾರೂ ತಕರಾರು ಮಾಡೂದಿಲ್ಲ. ಕೆಳಗ ಯಾರೂ ಇಲ್ಲ, ಬರೇ ನೆಲಾ."

ಅವನು ಎರಡು ರೊಟ್ಟಿ, ಪುಂಡಿಪಲ್ಯ ಉಂಡು, ತಟ್ಟೆ ತಾನೇ ತೊಳೆದಿಟ್ಟು ಹೊರಟ. ಗೇಟು ದಾಟಿ ಎರಡು ಹೆಜ್ಜೆ ಹೋದವನು ಹಿಂದಕ್ಕೆ ಬಂದು ಗೇಟು ಹಾಕಿ ಹೋದ.

ದುರ್ಗವ್ವ ಈಗಲೂ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುತ್ತಾಳೆ. ಕೆಲವು ದಿನ ಹಂಚಿಗೆ ರೊಟ್ಟಿ ಹಾಕಿದ ಮೇಲೆ ಕೈ ಎತ್ತಿ ಹಿಡಿದು, ಹಿಂದೆ ಉಳಿಯುವ ಆ ಒಂದೆರಡು ಪೆಟ್ಟಿಗಾಗಿ ಕಿವಿಗೊಡುತ್ತಾಳೆ. ಆಮೇಲೆ ಮುಂದಿನ ಉಂಡೆ ತೆಗೆದುಕೊಳ್ಳುತ್ತಾಳೆ. ಮುನಿತಾಯಮ್ಮ ಆಗಾಗ ಫೋನ್ ಮಾಡಿಸಿ ಮಾತಾಡುತ್ತಾರೆ. ಆ ಮನೆಯಲ್ಲಿ ಈಗ ಕುಕ್ಕರ್ ಕೂಗುತ್ತದೆಯಂತೆ.

ರೇವಂತ್ ಮೂಡಲಪಾಳ್ಯದ ಅದೇ ಮನೆಯಲ್ಲಿದ್ದಾನೆ. ಬ್ಯಾಂಡಿನ ಇನ್ನಿಬ್ಬರಲ್ಲಿ ಒಬ್ಬ ಬಿಟ್ಟುಹೋಗಿದ್ದಾನೆ. ರೇವಂತ್ ವಾರದ ದಿನಗಳಲ್ಲಿ ಬಸವೇಶ್ವರನಗರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಭಾನುವಾರ ರಾಜಾಜಿನಗರದ ವರ್ಕ್‌ಶಾಪಿನಲ್ಲಿ ಡ್ರಮ್ಸ್ ಹೊಡೆಯುತ್ತಾನೆ.